ಅಪ್‌ಡೇಟ್: ಅಪ್ಪನ ವಾಚಿನ ಗೀರುಗಳು ಹೋದವು, ಒಂದು ಬಿಟ್ಟು

ಅಪ್ಪನ ಹಳೇ ಎಚ್‌ಎಂಟಿ ವಾಚಿನ ಗೀರುಗಳನ್ನು ಮನೆಯಲ್ಲೇ ತೆಗೆಯುವುದು ಹೇಗೆ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಟೂತ್‌ಪೇಸ್ಟ್ ಸ್ಟೀಲಿನ ಮೇಲೆ ಕೆಲಸ ಮಾಡಲಿಲ್ಲ. ಅರ್ಧ ಗಂಟೆ ಉಜ್ಜಿದರೂ ಗೀರು ಹಾಗೇ ಇತ್ತು. ಆದರೆ ಮುಂದಿನ ಗಾಜು ಅದರಿಂದಲೇ ಫಳಫಳ ಆಯಿತು! ಅದು ನಿಜವಾದ ಗಾಜಲ್ಲ, ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್. ಮೆತ್ತಗಿರುವುದರಿಂದ ಗೀರು ಬೇಗ ಹೋಗುತ್ತದೆ.

ಸ್ಟೀಲಿಗೆ ಕೈಹಿಡಿದದ್ದು ಬ್ರಾಸೋ ಅನ್ನುವ ಲೋಹದ ಪಾಲಿಶ್. ಹತ್ತಿ ಬಟ್ಟೆಗೆ ಎರಡು ಹನಿ ಸಾಕು. ಇದು ಹೊಳೆಯುವ ಭಾಗಕ್ಕೆ ಮಾತ್ರ. ಚೈನಿನಲ್ಲಿ ಸಣ್ಣ ಗೆರೆಗಳಿರುವ ಮಂಕು ಭಾಗ ಇರುತ್ತದಲ್ವಾ, ಅದಕ್ಕೆ ಸ್ಕಾಚ್ ಬ್ರೈಟ್. ಗೆರೆ ಇರುವ ದಿಕ್ಕಿಗೇ ಹಗುರವಾಗಿ ಎಳೆಯಬೇಕು. ಸುತ್ತ ತಿರುಗಿಸಿ ಉಜ್ಜಲೇಬೇಡಿ. ಹೊಳೆಯುವ ಅಂಚಿಗೆ ಮೊದಲೇ ಟೇಪ್ ಅಂಟಿಸಿದರೆ ನಿಶ್ಚಿಂತೆ.

ಒಬ್ಬರು ಕೊಟ್ಟ ಎಚ್ಚರಿಕೆಗೆ ನಾನು ಋಣಿ. ವಾಚಿನ ಹಿಂಬದಿಯಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂತ ಬರೆದಿದ್ದರೆ ಆ ಮುಚ್ಚಳ ಮಾತ್ರ ಸ್ಟೀಲ್. ಉಳಿದದ್ದು ಕ್ರೋಮ್ ಲೇಪದ ಹಿತ್ತಾಳೆ ಇರಬಹುದು. ಜಾಸ್ತಿ ಉಜ್ಜಿದರೆ ಲೇಪ ಹೋಗಿ ಹಳದಿ ಕಾಣುತ್ತದೆ. ನಮ್ಮದು ಪೂರ್ತಿ ಸ್ಟೀಲ್, ಸದ್ಯ.

ಉಗುರಿಗೆ ತಗಲುವಷ್ಟು ಆಳದ ಒಂದು ಗೀರು ಉಳಿದಿದೆ. ಅದು ಇರಲಿ ಅಂದರು ಅಪ್ಪ.