‘ಸಿಗ್ನಲ್ ಬಿತ್ತು’ ಅಂದರೆ ಗಾಡಿ ನಿಲ್ಲಬೇಕೋ, ಹೊರಡಬೇಕೋ?

ಗೆಳೆಯರೇ,

ನಿವೃತ್ತ ರೈಲ್ವೆ ನೌಕರರೊಬ್ಬರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದೇನೆ. ‘ಸಿಗ್ನಲ್ ಬಿತ್ತು, ಗಾಡಿ ಬಿಟ್ಟರು’ ಎಂದು ಅವರು ಮತ್ತೆ ಮತ್ತೆ ಹೇಳುತ್ತಾರೆ. ಕರಡು ಓದಿದ ಬೆಂಗಳೂರಿನ ಹುಡುಗಿಯೊಬ್ಬಳು, ‘ಸಿಗ್ನಲ್ ಬಿದ್ದ ಮೇಲೂ ಹೋದರಾ? ಅಪಾಯ ಅಲ್ವಾ?’ ಎಂದು ಕೇಳಿದಳು. ಅವಳು ಕೇಳಿದ್ದು ಸಹಜ. ರಸ್ತೆಯಲ್ಲಿ ಸಿಗ್ನಲ್ ಬಿತ್ತು ಅಂದರೆ ಕೆಂಪು ದೀಪ ಬಂತು ಎಂದೇ ಅರ್ಥ. ಹಳಿಯ ಮೇಲೆ ಅದು ಪೂರಾ ಉಲ್ಟಾ.

ಹಳಿಯ ಅರ್ಥ ಕೈಮರದ, ಅಂದರೆ ಕಂಬಕ್ಕೆ ಕೈಯಂಥ ಪಟ್ಟಿ ಇದ್ದ ಹಳೆಯ ಸಿಗ್ನಲ್ಲಿನ ಕಾಲದ್ದು. ಕಂಬದ ಮೇಲಿನ ಕೈ ಅಡ್ಡಡ್ಡ ಚಾಚಿದ್ದರೆ ಗಾಡಿ ನಿಲ್ಲಬೇಕು. ಸಿಗ್ನಲ್ ಕ್ಯಾಬಿನ್‌ನಲ್ಲಿ ಲಿವರ್ ಎಳೆದರೆ ತಂತಿ ಜಗ್ಗಿ ಕೈ ಕೆಳಗೆ ವಾಲುತ್ತಿತ್ತು. ಆಗ ದಾರಿ ಸಿಕ್ಕಂತೆ. ತಂತಿ ತುಂಡಾದರೆ? ಭಾರದ ಏರ್ಪಾಡಿನಿಂದ ಕೈ ತಾನಾಗಿ ಮೇಲೆದ್ದು ಅಡ್ಡಕ್ಕೆ ಬರುತ್ತಿತ್ತು, ಗಾಡಿ ನಿಲ್ಲುತ್ತಿತ್ತು. ‘ಬೀಳು’ ಅಂದರೆ ತಾನಾಗಿ ಆಗುವಂಥದ್ದು ಅಂದುಕೊಳ್ಳುತ್ತೇವೆ. ಇಲ್ಲಿ ಮಾತ್ರ ಒಬ್ಬ ಮನುಷ್ಯ ಗಟ್ಟಿಯಾಗಿ ಎಳೆದರಷ್ಟೇ ಕೈ ಬೀಳುತ್ತಿತ್ತು. ನನಗೆ ತುಂಬಾ ಹಿಡಿಸಿದ್ದು ಇದೇ. ಕೈ ಸುಮ್ನೆ ಬಿದ್ದುಕೊಂಡೇ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ 1876ರ ಜನವರಿಯಲ್ಲಿ ಇಂಗ್ಲೆಂಡಿನ ಅಬಟ್ಸ್ ರಿಪ್ಟನ್‌ನಲ್ಲಿ ನಡೆದ ಅಪಘಾತ ಸಾಕ್ಷಿ. ಹಿಮ ಕಟ್ಟಿಕೊಂಡು ಕೈಗಳು ‘ಹೋಗಬಹುದು’ ಅನ್ನುವ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡವು. ಮುಂದಿದ್ದ ಕಲ್ಲಿದ್ದಲ ಗಾಡಿಗೆ ಎಕ್ಸ್‌ಪ್ರೆಸ್ ಗುದ್ದಿತು, ಆ ಅವಶೇಷಕ್ಕೆ ಇನ್ನೊಂದು ಎಕ್ಸ್‌ಪ್ರೆಸ್ ಬಂದು ಬಡಿಯಿತು.

ಗೇಟಿನ ಮಾತು ಇನ್ನೂ ಗೊಂದಲ. ‘ಗೇಟ್ ಬಿತ್ತು’ ಅಂದರೆ ಮುಚ್ಚಿತು. ಸಿಗ್ನಲ್ಲಿಗೆ ಇಂಟರ್‌ಲಾಕ್ ಮಾಡಿದ (ಒಂದಕ್ಕೊಂದು ಬೆಸೆದ) ಗೇಟು ಬಿದ್ದು ಬೀಗ ಕೂರುವ ತನಕ ಸಿಗ್ನಲ್ ಬೀಳುವುದಿಲ್ಲ. ಒಂದು ಬಿದ್ದರೆ ರಸ್ತೆಯವರು ನಿಲ್ಲಬೇಕು, ಇನ್ನೊಂದು ಬಿದ್ದರೆ ರೈಲು ಹೊರಡಬೇಕು!

ರೈಲ್ವೆ ನಿಯಮದ ಭಾಷೆಯಲ್ಲಿ ‘ಆನ್’, ‘ಆಫ್’ ಇವೆ. ಆದರೆ ಅಲ್ಲಿ ‘ಆಫ್’ ಅಂದರೆ ಹೋಗಬಹುದು. ಹೊರಗಿನವರಿಗೆ ಇದು ಜಾಸ್ತಿ ತಲೆನೋವು. ಹಾಗಾಗಿ ಆ ನಿವೃತ್ತ ನೌಕರರ ‘ಬಿತ್ತು’ವನ್ನೇ ಉಳಿಸಿ, ಮೊದಲ ಸಲ ಬಂದಲ್ಲಿ ‘ಕೈ ಬಿತ್ತು’ ಎಂದು ಬರೆದರೆ ಸಾಕು ಅನಿಸುತ್ತದೆ. ‘ಸಿಗ್ನಲ್ ಸಿಕ್ಕಿತು’ ಎಂದು ತಿದ್ದಲು ಮನಸ್ಸಿಲ್ಲ.

ನಿಮ್ಮನ್ನು ಕೇಳಬೇಕಾದ್ದು ಇಷ್ಟು. ಕೆಲವು ಕಡೆ ಕೈ ಮೇಲಕ್ಕೆ ಏಳುವ ಬಗೆಯ ಸಿಗ್ನಲ್ಲೂ ಇತ್ತು: 45 ಡಿಗ್ರಿ ಎದ್ದರೆ ಎಚ್ಚರ, ನೆಟ್ಟಗೆ ನಿಂತರೆ ಹೋಗಬಹುದು. ಅಂಥ ಊರುಗಳಲ್ಲೂ ‘ಬಿತ್ತು’ ಅಂತಲೇ ಹೇಳುತ್ತಿದ್ದರೋ, ‘ಎದ್ದಿತು’ ಅನ್ನುತ್ತಿದ್ದರೋ? ಹುಬ್ಬಳ್ಳಿ, ಅರಸೀಕೆರೆ, ಗುಂತಕಲ್ ಕಡೆಯ ರೈಲ್ವೆ ಮನೆಗಳಲ್ಲಿ ಬೆಳೆದವರು ಯಾರಾದರೂ ಇದ್ದರೆ, ಮನೆಯಲ್ಲಿ ಕೇಳಿದ ಮಾತನ್ನು ಹಾಗೆ ಹಾಗೇ ಬರೆದು ತಿಳಿಸಿ.