ಪದಚರ್ಚೆ: ‘ಗಾಢ’ ಎಂದರೆ ಕಪ್ಪಿಗೆ ಹತ್ತಿರವೋ, ಅಚ್ಚ ಬಣ್ಣವೋ?

ಪ್ರಶ್ನೆ:

ವೆಬ್ ಪುಟಗಳಿಗೆ ಬಣ್ಣ ಆರಿಸಿಕೊಡುವ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಅದರಲ್ಲಿ ಮೂರು ಸ್ಲೈಡರ್‌ಗಳಿವೆ: ಹ್ಯೂ (ಕೆಂಪೋ ನೀಲಿಯೋ ಎಂಬ ಬಗೆ), ಸ್ಯಾಚುರೇಷನ್ (ಬಣ್ಣ ಎಷ್ಟು ತೀವ್ರ), ಲೈಟ್‌ನೆಸ್ (ಕಪ್ಪಿನಿಂದ ಬಿಳಿಯತ್ತ ಎಷ್ಟು). ಕರಡಿನಲ್ಲಿ ಇವು ವರ್ಣ, ಗಾಢತೆ, ಹೊಳಪು ಎಂದಾಗಿವೆ. ಪ್ಯಾಲೆಟ್‌ಗೆ ವರ್ಣಪಟಲ, ಕಾಂಟ್ರಾಸ್ಟ್‌ಗೆ ವ್ಯತಿರಿಕ್ತತೆ. ಟಿಂಟ್ (ಬಿಳಿ ಬೆರೆತದ್ದು), ಶೇಡ್ (ಕಪ್ಪು ಬೆರೆತದ್ದು), ಟೋನ್ (ಬೂದು ಬೆರೆತದ್ದು) ಮೂರಕ್ಕೂ ‘ಛಾಯೆ’ ಒಂದೇ. ಅದಂತೂ ಆಗದ ಮಾತು. ಉಳಿದವು ನಿಲ್ಲುತ್ತವೆಯೆ? ಬಲ್ಲವರು ತಿಳಿಸಬೇಕು.

ಉತ್ತರ:

ಮೊದಲು ‘ಗಾಢತೆ’ಯನ್ನು ಕೈಬಿಡಿ. ಗಾಢ ನೀಲಿ ಎಂದರೆ ಕನ್ನಡದವರ ಕಣ್ಣಮುಂದೆ ಬರುವುದು ನೇವಿ ನೀಲಿ. ಎಚ್‌ಎಸ್‌ಎಲ್ (ಈ ಮೂರು ಸ್ಲೈಡರ್‌ಗಳ ಪದ್ಧತಿ) ಲೆಕ್ಕದಲ್ಲಿ ಅದು ಬಣ್ಣಚಕ್ರದ 240 ಡಿಗ್ರಿ, ಸ್ಯಾಚುರೇಷನ್ ಶೇ. 100, ಲೈಟ್‌ನೆಸ್ ಶೇ. 25. ಅಚ್ಚ ನೀಲಿಯ ಸ್ಯಾಚುರೇಷನ್ನೂ ಶೇ. 100 ಆಗಿದ್ದು, ಲೈಟ್‌ನೆಸ್ ಮಾತ್ರ 50. ಅಂದರೆ ನಾವು ‘ಗಾಢ’ ಎನ್ನುವುದು ಬದಲಾಗುವುದು ಮೂರನೆಯ ಸ್ಲೈಡರ್‌ನಲ್ಲಿ. ಎರಡನೆಯದಕ್ಕೆ ಆ ಹೆಸರಿಟ್ಟರೆ, ಬಣ್ಣವನ್ನು ಕಡು ಮಾಡಲು ಹೊರಟವರು ಅದನ್ನು ಬಲಕ್ಕೆಳೆಯುತ್ತಾರೆ, ಬಣ್ಣ ಕಣ್ಣು ಕುಕ್ಕುತ್ತದೆಯೇ ಹೊರತು ಕಡು ಆಗುವುದಿಲ್ಲ.

ಸ್ಯಾಚುರೇಷನ್ ಇಳಿಸಿದಾಗ ಬಣ್ಣ ಬೂದಿಯತ್ತ ಸರಿಯುತ್ತದೆ. ಇದಕ್ಕೆ ‘ಮಾಸಲು’ ಎಂಬ ಒಳ್ಳೆಯ ಮಾತಿದೆ. ಅದರ ಎದುರು ತುದಿಗೆ ‘ರಂಗು’ ಹೊಂದುತ್ತದೆ. ಬಣ್ಣ ತೀವ್ರವಾದಾಗ ‘ರಂಗೇರಿತು’ ಎನ್ನುತ್ತೇವಲ್ಲ. ರಸಾಯನಶಾಸ್ತ್ರದ ‘ಪರ್ಯಾಪ್ತ’ವನ್ನು ಇಲ್ಲಿಗೆ ಎಳೆದು ತರುವುದು ಬೇಡ, ಅದು ಉಪ್ಪುನೀರಿನ ದ್ರಾವಣಕ್ಕೇ ಇರಲಿ.

ಲೈಟ್‌ನೆಸ್‌ಗೆ ‘ಬಿಳುಪು’ ಎನ್ನಿ. ಅದು ಶೇ. 100 ಆದರೆ ಯಾವ ಬಣ್ಣವೂ ಬಿಳಿಯಾಗುತ್ತದೆ, 0 ಆದರೆ ಕಪ್ಪು. ‘ಹೊಳಪು’ ಎಂಬುದನ್ನು ಎಚ್‌ಎಸ್‌ಬಿ ಪದ್ಧತಿಯ (ಹ್ಯೂ, ಸ್ಯಾಚುರೇಷನ್, ಬ್ರೈಟ್‌ನೆಸ್) ಬ್ರೈಟ್‌ನೆಸ್‌ಗೆ ಉಳಿಸಿಕೊಳ್ಳಿ. ಅಲ್ಲಿ ಶೇ. 100 ಎಂದರೆ ಬಿಳಿಯಲ್ಲ: ಅಚ್ಚ ಕೆಂಪಿನ ಹೊಳಪು 100, ಅದೇ ಕೆಂಪಿನ ಬಿಳುಪು 50. ಎರಡೂ ಪದ್ಧತಿಗಳಿಗೆ ಒಂದೇ ಪದ ಬಳಸಿದರೆ, ಒಂದರ ಅಂಕಿಯನ್ನು ಇನ್ನೊಂದರಲ್ಲಿ ತುಂಬಿ ಕೆಂಪು ಗುಂಡಿಯ ಜಾಗದಲ್ಲಿ ಬಿಳಿ ಗುಂಡಿ ಬಂದು ಕೂರುತ್ತದೆ.

ಹ್ಯೂಗೆ ಬರೀ ‘ಬಣ್ಣ’ ಸಾಕು. ‘ವರ್ಣ’ಕ್ಕೆ ಅಕ್ಷರವೆಂಬ ಅರ್ಥವೂ ಇದೆ, ಫಾಂಟ್ ಆಯ್ಕೆಯ ಪಕ್ಕದಲ್ಲೇ ಅದು ಬೇಡ. ವರ್ಣಪಟಲ ಎಂದರೆ ನಮ್ಮ ವಿಜ್ಞಾನ ಪಾಠಗಳಲ್ಲಿ ಪಟ್ಟಕದಿಂದ ಹೊರಬರುವ ಏಳು ಬಣ್ಣಗಳ ಪಟ್ಟಿ. ಪ್ಯಾಲೆಟ್ ಎಂಬುದು ಆರಿಸಿಟ್ಟ ಐದಾರು ಬಣ್ಣ. ‘ಬಣ್ಣಗಟ್ಟು’ ಎಂದು ಹೊಸದಾಗಿ ಕಟ್ಟಬಹುದು, ‘ಪ್ಯಾಲೆಟ್’ ಎಂದರೂ ತಪ್ಪಿಲ್ಲ.

ಇನ್ನೊಂದು ಉತ್ತರ:

ರಂಗು ನಮ್ಮ ಉತ್ತರ ಕರ್ನಾಟಕದ ಕಡೆ ಬಣ್ಣವೇ. ಒಂದರ ಕೆಳಗೊಂದು ‘ಬಣ್ಣ’, ‘ರಂಗು’ ಅಂತ ಬರೆದರೆ ವ್ಯತ್ಯಾಸ ತಿಳಿಯುವುದಿಲ್ಲ. ಸ್ಯಾಚುರೇಷನ್ ಎಂದೇ ಕನ್ನಡ ಲಿಪಿಯಲ್ಲಿಟ್ಟು, ಸ್ಲೈಡರ್‌ನ ಎಡತುದಿಗೆ ‘ಮಾಸಲು’, ಬಲತುದಿಗೆ ‘ಅಚ್ಚ’ ಎಂದು ಬರೆಯಿರಿ. ತುದಿಗಳು ಗೊತ್ತಾದರೆ ನಡುವಿನದಕ್ಕೆ ಹೆಸರು ಬೇಕೇ ಇಲ್ಲ.

ಕಾಂಟ್ರಾಸ್ಟ್ ವಿಷಯ ಇದಕ್ಕಿಂತ ತೊಡಕಿನದು. ಸೀರೆ ಅಂಗಡಿಯಲ್ಲಿ ಹಸಿರು ಒಡಲಿಗೆ ಕೆಂಪು ದಡಿ ಇದ್ದರೆ ‘ಕಾಂಟ್ರಾಸ್ಟ್ ಬಾರ್ಡರ್’. ಅಲ್ಲಿ ನೋಡುವುದು ಬಣ್ಣ ಬೇರೆಯೇ ಎಂದು. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಡಬ್ಲ್ಯುಸಿಎಜಿ ಮಾನದಂಡ ಅಳೆಯುವುದು ಬೆಳಕಿನ ಅಂತರವನ್ನು ಮಾತ್ರ. ಬಿಳುಪು 25ರ ಹಸಿರಿನ ಮೇಲೆ ಬಿಳುಪು 50ರ ಅಚ್ಚ ಕೆಂಪು ಅಕ್ಷರ ಬರೆದರೆ ಅನುಪಾತ ಸುಮಾರು 1.3ಕ್ಕೆ 1. ಸಾಮಾನ್ಯ ಅಕ್ಷರಕ್ಕೆ ಬೇಕಾದದ್ದು ಕನಿಷ್ಠ 4.5ಕ್ಕೆ 1, 24 ಪಿಕ್ಸೆಲ್ ಅಥವಾ ಅದಕ್ಕಿಂತ ದೊಡ್ಡ ಅಕ್ಷರಕ್ಕೆ 3ಕ್ಕೆ 1. ‘ವ್ಯತಿರಿಕ್ತತೆ’ ಎಂದರೆ ಓದುವವರು ಸೀರೆಯ ಅರ್ಥವನ್ನೇ ಹಿಡಿಯುತ್ತಾರೆ. ‘ಬೆಳಕಿನ ಅಂತರ’ ಎಂದರೆ ತಪ್ಪು ಹಿಡಿಯಲು ಎಡೆಯಿಲ್ಲ.

ಪ್ರಶ್ನೆ ಕೇಳಿದವರು:

ಹಾಗಾದರೆ ‘ಬಿಳುಪು’ ಮತ್ತು ‘ಬೆಳಕು’ ಒಂದೇ ಅಲ್ಲವೆ? ಟಿಂಟ್, ಶೇಡ್, ಟೋನ್ ಇನ್ನೂ ಉಳಿದಿವೆ.

ಉತ್ತರ:

ಒಂದೇ ಅಲ್ಲ, ಎಡವುವುದು ಇಲ್ಲಿಯೇ. ಅಚ್ಚ ಹಳದಿ, ಅಚ್ಚ ನೀಲಿ ಎರಡರ ಬಿಳುಪೂ 50. ಬಿಳಿ ಹಿನ್ನೆಲೆಯ ಮೇಲೆ ಹಳದಿಯ ಅಂತರ 1.07ಕ್ಕೆ 1, ನೀಲಿಯದು 8.59ಕ್ಕೆ 1. ಬಿಳುಪು ಬರೀ ಅಂಕಗಣಿತ. ಬೆಳಕಿನ ಲೆಕ್ಕದಲ್ಲಿ ಕಣ್ಣಿನ ಸ್ವಭಾವ ಸೇರಿದೆ: ಹಸಿರಿಗೆ 0.7152, ಕೆಂಪಿಗೆ 0.2126, ನೀಲಿಗೆ 0.0722 ತೂಕ. ಆದ್ದರಿಂದ ಬಿಳುಪಿನ ಅಂಕಿ ನೋಡಿ ಓದಲು ಬರುತ್ತದೆಂದು ತೀರ್ಮಾನಿಸುವಂತಿಲ್ಲ.

ರಾಜ್ಯೋತ್ಸವದ ಪುಟಗಳ ಹಳದಿ-ಕೆಂಪನ್ನೇ ತೆಗೆದುಕೊಳ್ಳಿ. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಅಕ್ಷರಕ್ಕೆ ಸಿಗುವುದು 3.72. ದೊಡ್ಡ ಶೀರ್ಷಿಕೆಗೆ ಸಾಕು, ಒಳಗಿನ ಬರಹಕ್ಕೆ ಸಾಲದು; ಕನ್ನಡದ ಒತ್ತಕ್ಷರಗಳು ಮೊದಲೇ ಚಿಕ್ಕವು. ಕೆಂಪಿನ ಬಿಳುಪನ್ನು 50ರಿಂದ 40ಕ್ಕೆ ಇಳಿಸಿದರೆ ಅಂತರ 5.48ಕ್ಕೆ ಏರುತ್ತದೆ, ಕೆಂಪು ಕೆಂಪಾಗಿಯೇ ಕಾಣುತ್ತದೆ.

ಮಿಕ್ಕ ಮೂರಕ್ಕೆ ನಾಮಪದ ಹುಡುಕಬೇಡಿ. ಕನ್ನಡ ಈ ಕೆಲಸವನ್ನು ಮುಂದೆ ಸೇರಿಸುವ ಪದಗಳಿಂದ ಮಾಡುತ್ತದೆ. ಬಿಳಿ ಬೆರೆತದ್ದು ತಿಳಿ: ತಿಳಿನೀಲಿ, ತಿಳಿಹಸಿರು. ಕಪ್ಪು ಬೆರೆತದ್ದು ಕಡು: ಕಡುನೀಲಿ, ಕಡುಗೆಂಪು (ಆದೇಶ ಸಂಧಿ ಮರೆಯಬೇಡಿ, ‘ಕಡುಕೆಂಪು’ ಅಲ್ಲ). ಬೂದು ಬೆರೆತದ್ದು ಮಾಸಲು. ‘ನಸು’ ಬೇಡ, ನಸುಗೆಂಪು ತಿಳಿಯಾದ ಕೆಂಪೋ, ಕೊಂಚ ಕೆಂಪು ತಾಗಿದ ಬೇರೆ ಬಣ್ಣವೋ ಎಂಬುದು ಓದುವವರಿಗೆ ಬಿಟ್ಟದ್ದು. ಬಣ್ಣಗಟ್ಟಿನೊಳಗೆ ಒಂದೇ ನೀಲಿಯ ಒಂಬತ್ತು ಹಂತಗಳಿದ್ದರೆ ಈ ಪದಗಳೂ ಸಾಲವು. ಎಳೆ, ತಿಳಿ, ನಸುಗಳಲ್ಲಿ ಯಾವುದು ಮೊದಲೆಂದು ಯಾರೂ ಹೇಳಲಾರರು. ಅಲ್ಲಿ ‘ನೀಲಿ 100’ರಿಂದ ‘ನೀಲಿ 900’ ಎಂದು ಅಂಕಿಯನ್ನೇ ಇಡಿ, ಅಂಕಿ ಏರಿದಂತೆ ಕಡು.

ಕಾಂಪ್ಲಿಮೆಂಟರಿ ಎಂಬುದು ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ಮುಂದೆ ಬಂದೇ ಬರುತ್ತದೆ. ‘ಪೂರಕ’ ಎನ್ನದೆ ‘ಎದುರು ಬಣ್ಣ’ ಎನ್ನಿ, ಚಕ್ರದಲ್ಲಿ 180 ಡಿಗ್ರಿ ಆಚೆಗಿನದು. ಚಿತ್ರಕಲೆಯ ಪಾಠದಲ್ಲಿ ಕೆಂಪಿನ ಎದುರು ಹಸಿರು. ತೆರೆಯ ಮೇಲಿನ ಚಕ್ರದಲ್ಲಿ ಸಯಾನ್ (ಹಸಿರು-ನೀಲಿ). ಸಹಾಯ ಪುಟದಲ್ಲಿ ಇದನ್ನೊಂದು ಸಾಲು ಬರೆಯದಿದ್ದರೆ ‘ತಂತ್ರಾಂಶ ತಪ್ಪು ತೋರಿಸುತ್ತಿದೆ’ ಎಂಬ ದೂರು ಖಂಡಿತ.