ದೇವಿಮನೆ ಘಟ್ಟದಲ್ಲಿ ಹಿಂದೆ ಆಂಬುಲೆನ್ಸ್ ಬಂದರೆ ಸರಿಯುವುದು ಎಲ್ಲಿಗೆ?

ಕುಮಟಾಕಡೆಯವ:
ಕುಮಟಾ–ಶಿರಸಿ ರಸ್ತೆಯ ಘಟ್ಟ. ಹಿಂದೆ ಸೈರನ್, ಎಡಕ್ಕೆ ಗಟಾರ, ಮುಂದೆ ತಿರುವು, ಎದುರಿಂದ ಬಸ್ಸು. ‘ಎಡಕ್ಕೆ ಸರಿದು ನಿಲ್ಲಿ’ ಅನ್ನೋದು ಸುಲಭ, ಇಂಥಲ್ಲಿ ಮಾಡೋದೇನು? ನಿಲ್ಲದೆ ಮುಂದೆ ಹೋದರೆ ದಂಡ ಬೀಳ್ತದಾ?

ಘಟ್ಟದಗಾಡಿ:
ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ ಮಾರಾಯ್ರೇ. ಗಾಬರಿಯಲ್ಲಿ ಬ್ರೇಕ್ ಒತ್ತಿ ಅಲ್ಲೇ ನಿಂತರೆ, ಆಂಬುಲೆನ್ಸ್ ನಿಮ್ಮನ್ನು ದಾಟಲು ಬಲಕ್ಕೇ ಹೋಗಬೇಕು, ಎದುರಿಂದ ಏನು ಬರ್ತದೆ ಅಂತ ಅದರ ಡ್ರೈವರಿಗೆ ಕಾಣೋದಿಲ್ಲ. ಅದೇ ವೇಗದಲ್ಲಿ ತಿರುವು ಮುಗಿಸಿ. ಎದುರು ನೂರಿನ್ನೂರು ಮೀಟರ್ ನೇರ ರಸ್ತೆ ಕಂಡ ಕೂಡಲೇ ಎಡ ಇಂಡಿಕೇಟರ್ ಹಾಕಿ, ಆಕ್ಸಿಲರೇಟರ್ ಬಿಟ್ಟು ನಿಧಾನವಾಗಿ ಅಂಚಿಗೆ ಬನ್ನಿ.

ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸಬೇಡಿ. ಗಾಡಿ ಕೆಟ್ಟಿದೆಯೋ, ಸರಿಯುತ್ತಿದೆಯೋ ಹಿಂದಿನವರಿಗೆ ತಿಳಿಯೋದಿಲ್ಲ. ‘ದಾಟು’ ಅಂತ ಬಲ ಇಂಡಿಕೇಟರ್ ಹಾಕುವ ಲಾರಿಯವರ ರೂಢಿ ಇನ್ನೂ ಅಪಾಯ.

ಮಳೆಗಾಲದಲ್ಲಿ ಎಡ ಚಕ್ರ ಡಾಂಬರು ಬಿಟ್ಟು ಇಳಿಸಬಾರದು. ಅಂಚಿನ ಕೆಂಪು ಮಣ್ಣು ನೆನೆದು ಕುಸಿಯುತ್ತದೆ. ಸಿಕ್ಕಿಬಿದ್ದ ನಿಮ್ಮ ಕಾರೇ ಆಮೇಲೆ ರಸ್ತೆಗೆ ಅಡ್ಡ.

ಶಿರಸಿ_ಮಳೆ:
ಲೋಡ್ ಲಾರಿಯ ಮಾತೇ ಬೇರೆ. ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಮೊದಲ ಗೇರಿನಲ್ಲಿ ಎತ್ತುವಾಗ ಹಿಂದಕ್ಕೆ ಜಾರಬಹುದು, ಅದೂ ಆಂಬುಲೆನ್ಸಿನ ಮೇಲೆಯೇ. ಲಾರಿ ಅಗಲವಾದ ಜಾಗದವರೆಗೆ ಎಳೆದುಕೊಂಡೇ ಹೋಗಬೇಕು, ಅಲ್ಲಿಯವರೆಗೆ ಆಂಬುಲೆನ್ಸ್ ಕಾಯಬೇಕು. ನಿಲ್ಲಬೇಕಾದವರು ಎದುರಿಂದ ಇಳಿಯುವವರು. ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕೆಂಬ ನಿಯಮ ಹೇಗೂ ಇದೆ. ಸೈರನ್ ಕೇಳಿದ ಮೇಲೂ ಇಳಿಜಾರಿನ ವೇಗ ಬಿಡದ ಬಸ್ಸು, ಟೆಂಪೊಗಳೇ ನಿಜವಾದ ತಲೆನೋವು.

ಕಾಳಿತೀರ:
ದಂಡದ ಬಗ್ಗೆ: ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ ಕಲಂ 194ಇ. ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಬಂದಾಗ ರಸ್ತೆ ಬದಿಗೆ ಸರಿಯದಿದ್ದರೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂ. ದಂಡ, ಅಥವಾ ಎರಡೂ. ಕಾನೂನು ಹೇಳುವುದು ‘ಬದಿಗೆ ಸರಿ’ ಎಂದು. ಜಾಗ ಹುಡುಕುತ್ತ ಎಡ ಇಂಡಿಕೇಟರ್ ಹಾಕಿ ಹೋಗುವವನೂ ಬೇಕಂತಲೇ ಅಡ್ಡ ಹೋಗುವವನೂ ಒಂದೇ ಅಲ್ಲ.

ಅಗ್ನಿಶಾಮಕ ಗಾಡಿಯನ್ನು ಜನ ಮರೆಯುತ್ತಾರೆ. 4,500 ಲೀಟರಿನ ಟ್ಯಾಂಕ್ ಅಂದರೆ ನೀರೇ ನಾಲ್ಕೂವರೆ ಟನ್. ಅದರ ಮುಂದೆ ತಟ್ಟನೆ ಬ್ರೇಕ್ ಹಾಕಿದರೆ ಅದು ನಿಲ್ಲುವುದಿಲ್ಲ.

ಕಾರವಾರ–ಭಟ್ಕಳ ನಾಲ್ಕು ಪಥದಲ್ಲಿ ತೊಂದರೆ ಬೇರೆ. ನಿಧಾನದ ಲಾರಿಗಳು ಬಲ ಪಥ ಹಿಡಿದಿರುತ್ತವೆ, ಆಂಬುಲೆನ್ಸ್ ಎಡದಿಂದ ನುಗ್ಗುತ್ತದೆ, ಅದೇ ಹೊತ್ತಿಗೆ ಲಾರಿಯೂ ಎಡಕ್ಕೆ ಸರಿಯುತ್ತದೆ. ಸರಿಯುವ ಮೊದಲು ಎಡಗನ್ನಡಿ ನೋಡಲೇಬೇಕು.

ಕುಮಟಾಕಡೆಯವ:
ಸೈರನ್ ಯಾವ ಕಡೆಯಿಂದ ಅಂತಲೇ ಘಟ್ಟದಲ್ಲಿ ಗೊತ್ತಾಗೋದಿಲ್ವಲ್ಲ?

ಘಟ್ಟದಗಾಡಿ:
ಗುಡ್ಡಕ್ಕೆ ಬಡಿದು ಸದ್ದು ತಿರುಗಿ ಬರ್ತದೆ. ಕಿವಿ ನಂಬಬೇಡಿ. ಕಿಟಕಿ ಎರಡು ಬೆರಳು ಇಳಿಸಿ, ಹಾಡು ನಿಲ್ಲಿಸಿ, ಕನ್ನಡಿಯಲ್ಲಿ ದೀಪ ಹುಡುಕಿ. ಅದು ದಾಟಿದ ಕೂಡಲೇ ರಸ್ತೆಗೆ ಬರಬೇಡಿ. ಅದರ ಬಾಲ ಹಿಡಿದು ಎರಡು ಮೂರು ಕಾರು ಓಡಿ ಬರುತ್ತಿರುತ್ತವೆ, ಕೆಲವೊಮ್ಮೆ ಇನ್ನೊಂದು ಆಂಬುಲೆನ್ಸ್ ಕೂಡ.